ಉಮಾನಾಥನ ಮರಳುಗಾಡಿಗೆ ಮಳೆ ಬಂದದ್ದು

ಇದು ನಡೆದದ್ದು ಮಾರಾಯ್ರೆ. ಸುಳ್ಳಾದ್ರೆ ಈ ಮಾಮಕ್ ಅಂಗಡಿಯ ಚಹಾ ನನ್ನ ಗಂಟಲಲ್ಲೇ ಮೊಸರಾಗಿ ಹೆಪ್ಪುಗಟ್ಟಲಿ. ಒಂದಕ್ಷರ ನಾನು ಸೇರಿಸಿದ್ದಲ್ಲ. ಸೇರಿಸಿದ್ದೆಲ್ಲ ಉಮಾನಾಥ.

ಉಮಾನಾಥ ಅಂದ್ರೆ ಇಲ್ಲೇ ನಿಲಾಯ್‌ನಲ್ಲಿ ಒಂದು ಹಾಸ್ಟೆಲಿನ ಅಡುಗೆಯವ. ಉಡುಪಿ ಕಡೆಯವ. ದುಬೈಗೆ ಹೋಗ್ತೇನೆ ಅಂತ ಊರಿಡೀ ಲಾಡು ಹಂಚಿ ಹೊರಟಿದ್ದ. ಏಜೆಂಟ್ ತಂದು ಇಳಿಸಿದ್ದು ಈ ಮಲೇಶಿಯಾದಲ್ಲಿ. ಹೊರಗೆ ಬಂದು ನೋಡ್ತಾನೆ, ಮಳೆ. ಎಂಥ ಮಳೆ ಅಂದ್ರೆ, ಬಾತುಕೋಳಿಗಳೇ ಬಸ್‌ಸ್ಟ್ಯಾಂಡ್ ಮಾಡಿನ ಕೆಳಗೆ ನಿಂತು ಯಾವಾಗ ಬಿಡ್ತದಪ್ಪ ಅಂತ ಕಾಯ್ತಿದ್ವು. ಹಂಚಿದ ಲಾಡು ವಾಪಸ್ ಕೇಳೋಕಾಗ್ತದಾ? ಹೆಂಡತಿ ಸರೋಜಿನಿ ಫೋನಲ್ಲಿ, "ದುಬೈ ಹೇಗುಂಟು?" ಅಂದಳು. ಇವ ಅಂಗಿ ಹಿಂಡ್ತಾ ಹಿಂಡ್ತಾ, "ಬಿಸಿಲು ಮಾರಾಯ್ತಿ, ಕಾದ ಬಾಣಲೆ" ಅಂದುಬಿಟ್ಟ.

ಅಲ್ಲಿಂದ ಶುರುವಾಯ್ತು ನೋಡಿ ಅವನ ಮರಳುಗಾಡು. ಪ್ರತಿ ಶುಕ್ರವಾರ ಅಡುಗೆಮನೆ ಹಿಂದೆ ಅಕ್ಕಿ ಚೀಲದ ಮೇಲೆ ಕೂತು ಫೋನ್ ಹಚ್ಚಿದ್ರೆ, ಇತ್ತ ಮಳೆ ಹೊಯ್ಯೋದು, ಅತ್ತ ಸರೋಜಿನಿಯ ಕಿವೀಲಿ ಮರಳು ಸುರಿಯೋದು. ವಾರವಿಡೀ ಮೊಬೈಲಲ್ಲಿ ನೋಡಿದ್ದನ್ನೆಲ್ಲ ಒಗ್ಗರಣೆ ಹಾಕಿ ಬಡಿಸ್ತಿದ್ದ.

"ಬೆಳಿಗ್ಗೆ ನೋಡ್ಬೇಕು ಸರೋಜ, ಮರಳು ಹಾಲಿನ ಬಣ್ಣ. ಮಧ್ಯಾಹ್ನ ಹುರಿದ ರವೆ. ಸೂರ್ಯ ಇಳಿಯುವಾಗ ಥೇಟ್ ಕೇಸರಿಬಾತು, ತುಪ್ಪ ಬಿಟ್ಟ ಹಾಗೆ ಹೊಳೀತದೆ. ಗಾಳಿ ಬಂತಾ, ದಿಬ್ಬ ಎದ್ದು ನಡೀತದೆ. ಹೋಗ್ತಾ ಹೋಗ್ತಾ ತಂಬೂರಿ ಶ್ರುತಿ ಹಿಡಿದ ಹಾಗೆ ಹಾಡ್ತದೆ."

"ಅಲ್ಲಿ ಜನ ಕೂರುವ ದೊಡ್ಡ ಬಲೂನ್ ಹಾರಿಸ್ತಾರಂತೆ, ನೀವು ಹತ್ತಿದ್ರಾ?"

"ಹತ್ತದೆ ಬಿಡ್ತೇನಾ! ನೋಡೋಕೆ ಬಂದ ಬಿಳಿಯರ ಜೊತೆ ಕತ್ತಲಿರುವಾಗ್ಲೇ ಮೇಲೇರಿದೆ. ಸೂರ್ಯ ಕೆಳಗಿಂದ ಬಂದು, 'ಅಣ್ಣ, ಸ್ವಲ್ಪ ಸರೀರಿ' ಅಂದ. ಖರ್ಜೂರದ ತೋಪಿನ ಮಧ್ಯ ಒಂದು ಕೆರೆ ಉಂಟು. ಒಂಟೆ ನೀರು ಕುಡಿಯುವಾಗ ಅದರಲ್ಲಿರುವ ನಕ್ಷತ್ರನೂ ಸೇರಿಸಿ ನುಂಗ್ತದೆ. ಆಮೇಲೆ ಇಡೀ ರಾತ್ರಿ ಹೊಟ್ಟೆ ಮಿಣ ಮಿಣ."

"ಪಾಪ, ಅದಕ್ಕೆ ನಿದ್ರೆ ಹೇಗೆ ಬರ್ತದೆ?" ಅಂತ ಸರೋಜಿನಿ ನಗ್ತಿದ್ದಳು. ಆ ನಗು ಕೇಳಿದ್ರೆ ಉಮಾನಾಥನಿಗೆ ಮುಂದಿನ ಶುಕ್ರವಾರದವರೆಗೆ ಹೊಟ್ಟೆ ತುಂಬ್ತಿತ್ತು. ಊರಿಗೆ ಹೋಗುವಾಗ ಇಲ್ಲಿನ ಪೇಟೆಯಲ್ಲೇ ಖರ್ಜೂರ ಕೊಂಡು ಹೋಗ್ತಿದ್ದ. ಊರವರು ಚಪ್ಪರಿಸಿ, "ದುಬೈದು ದುಬೈದೇ" ಅಂತಿದ್ರು.

ಹಾಗಿರುವಾಗ ಹೋದ ವರ್ಷ ಒಂದು ಶುಕ್ರವಾರ ಸರೋಜಿನಿಯ ದನಿ ಸಣ್ಣಗಾಗಿತ್ತು. ಆಸ್ಪತ್ರೆಯಲ್ಲಿದ್ದಳು. "ಏನಿಲ್ಲ, ಗ್ಯಾಸ್ಟ್ರಿಕ್" ಅಂದಳು. "ಒಂದು ಆಸೆ. ನಿಮ್ಮ ಮರಳುಗಾಡು ಒಮ್ಮೆ ವಿಡಿಯೋದಲ್ಲಿ ತೋರಿಸಿ."

ಉಮಾನಾಥನ ಕೈಯ ಸಟ್ಟುಗ ಸಾರಿಗೆ ಬಿತ್ತು. ಅವಳಿಗೆ ಏನಾಗಿದೆ ಅಂತ ಕೇಳೋದು ಬಿಟ್ಟು, ಮರಳು ಎಲ್ಲಿ ಸಿಗ್ತದೆ ಅಂತ ಹುಡುಕಿದ ಪುಣ್ಯಾತ್ಮ!

ಹಾಸ್ಟೆಲಿಗೆ ತರಕಾರಿ ತರುವ ಕೀರ್ತಿರಾಜ್ ಹೇಳಿದ, "ಉಮಾನಾಥಣ್ಣ, ಮಲಾಕ್ಕಾದ ಕ್ಲೆಬಾಂಗ್‌ನಲ್ಲಿ ಕಡಲ ಬದಿ ಮರಳಿನ ದಿಬ್ಬ ಉಂಟು. ಜನ ತಲೆಗೆ ಬಟ್ಟೆ ಸುತ್ತಿ ಅರಬಸ್ತಾನ ಅಂತ ಫೋಟೋ ಹೊಡ್ಕೊಳ್ತಾರೆ. ಸುಳ್ಳಿಗೆ ಹೇಳಿ ಮಾಡಿಸಿದ ಜಾಗ, ನಡೀರಿ." ಅವನ ವ್ಯಾನಲ್ಲೇ ಹೋದ್ರು. ಏರ್‌ಪೋರ್ಟಿನ ಬೋರ್ಡು ದಾಟುವಾಗ ಉಮಾನಾಥ ತಲೆಗೆ ಟವೆಲ್ ಸುತ್ತೋ ಅಭ್ಯಾಸ ಮಾಡ್ತಿದ್ದ.

ಹೋಗಿ ನೋಡಿದ್ರೆ ನಿಜವಾಗ್ಲೂ ಮರಳು! ಸಂಜೆ ಬಿಸಿಲಿಗೆ ಉಮಾನಾಥ ಹೇಳಿದ ಅದೇ ಕೇಸರಿಬಾತು. ತನ್ನ ಬಾಯಿಮಾತು ಕಣ್ಣೆದುರು ಬಿದ್ದದ್ದು ನೋಡಿ ಒಂದು ಹಿಡಿ ತೆಗೆದು ಕಿಸೆಗೆ ತುಂಬಿಕೊಂಡ. ಕೀರ್ತಿರಾಜ್ ಫೋನ್ ಹಿಡಿದ. "ಕಡಲಿಗೆ ಬೆನ್ನು ಹಾಕ್ಬೇಡಿ ಅಣ್ಣ, ವಿಡಿಯೋದಲ್ಲಿ ಹಡಗು ಬೀಳ್ತದೆ. ಈಚೆ ತಿರುಗ್ಬೇಡಿ, ಎಳನೀರು ಅಂಗಡಿ ಬೀಳ್ತದೆ."

ಆ ಕಡೆ ಮಗಳು ಶ್ರೀಯಾ ಫೋನ್ ಹಿಡಿದಿದ್ದಳು. ಸರೋಜಿನಿ ದಿಂಬಿನಲ್ಲಿ ಎಷ್ಟು ಕಮ್ಮಿಯಾಗಿದ್ದಳು ಅಂದ್ರೆ, ದಿಂಬಿಗೆ ಅವಳು ಬಿದ್ದದ್ದೇ ಗೊತ್ತಾಗಿಲ್ಲ. ಉಮಾನಾಥ ಅದನ್ನು ನೋಡಿದ. ಆದ್ರೂ ಶುರುಮಾಡಿದ, "ನೋಡು ಸರೋಜ, ಇದೇ ನಡೆಯುವ ದಿಬ್ಬ..."

ಅಷ್ಟರಲ್ಲಿ ಮಳೆ. ಹನಿ ಅಲ್ಲ, ಆಕಾಶದ ಹಂಡೆಯೇ ಮಗುಚಿದ ಹಾಗೆ. ದುಬೈ ಅರೆಗಳಿಗೆಯಲ್ಲಿ ಕೆಸರಾಯ್ತು.

"ಟವೆಲ್ ಹಿಂಡಿ, ಶೀತ ಆಗ್ತದೆ" ಅಂದಳು ಸರೋಜಿನಿ. "ಮಲೇಶಿಯಾದಲ್ಲಿ ಮಳೆಗೆ ಹೊತ್ತುಗೊತ್ತು ಇಲ್ವಂತೆ ಅಲ್ವಾ?"

ಉಮಾನಾಥನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಳೆ ನೀರು ಒಳಗೇ ಹೋಯ್ತು.

"ಯಾವಾಗಿಂದ ಗೊತ್ತು?"

"ಮೊದಲ ಶುಕ್ರವಾರದಿಂದ. ಫೋನಿನ ನಂಬರೇ ಮಲೇಶಿಯಾದ್ದು, ಸಾಲದ್ದಕ್ಕೆ ನಿಮ್ಮ ಹಿಂದೆ ಕಪ್ಪೆ ಕೂಗ್ತಿತ್ತಲ್ಲ! ಮರಳುಗಾಡಿನ ಕಪ್ಪೆ ಎಷ್ಟು ಜೋರು ಅಂತ ನಾನೂ ಅಮ್ಮನೂ ನಕ್ಕಿದ್ದೆವು."

"ಹೇಳ್ಬಹುದಿತ್ತಲ್ಲ ಮಾರಾಯ್ತಿ!"

"ಹೇಳಿದ್ರೆ ನೀವು ಅನ್ನ ಸಾರು ವಿಚಾರಿಸಿ ಫೋನ್ ಇಡ್ತಿದ್ರಿ. ಮರಳುಗಾಡು ಇದ್ದದ್ದಕ್ಕೆ ವಾರಕ್ಕೊಮ್ಮೆ ಅಷ್ಟು ಹೊತ್ತು ನನ್ನ ಹತ್ತಿರ ಕೂತ್ರಿ." ಸ್ವಲ್ಪ ಸುಧಾರಿಸಿಕೊಂಡಳು. "ಈ ಸಲ ತೋರಿಸಿ ಅಂದದ್ದು ಯಾಕೆ ಗೊತ್ತುಂಟಾ? ತೋರಿಸೋಕೆ ಇಲ್ಲ ಅಂತ ಒಪ್ಪಿಕೊಂಡು ನೀವು ಮನೆಗೆ ಬರ್ತೀರಿ ಅಂತ ನೆನೆಸಿದೆ. ನೀವು ನೋಡಿದ್ರೆ ಮರಳನ್ನೇ ಹುಡುಕಿ ತೆಗೆದ್ರಿ."

ಉಮಾನಾಥ ಆ ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತ. "ಈಗ ಬಂದೆ ಸರೋಜ. ಇದೋ, ಬಂದೆ."

ಕೀರ್ತಿರಾಜ್ ವ್ಯಾನನ್ನು ಹೇಗೆ ಓಡಿಸಿದ ಅಂದ್ರೆ, ಹಿಂದೆ ಬಿಟ್ಟ ಮಳೆಹನಿಗಳು ನೆಲಕ್ಕೆ ಬೀಳೋದನ್ನೇ ಮರೆತ್ವು. ಫೋನ್ ಇಡಬೇಡಿ ಅಂದಳು ಸರೋಜಿನಿ. "ದಾರಿಯುದ್ದಕ್ಕೂ ಹೇಳ್ತಾ ಬನ್ನಿ. ಆ ಸಂಜೆಯ ಬಣ್ಣದ್ದು."

"ನಿಜ ಹೇಳ್ಲಾ, ಸುಳ್ಳು ಹೇಳ್ಲಾ?"

"ನಿಮ್ಮದೇ ಹೇಳಿ."

ಹೇಳಿದ. ಕೇಸರಿಬಾತಿಗೆ ತುಪ್ಪ ಬಿಟ್ಟ, ದ್ರಾಕ್ಷಿ ಗೋಡಂಬಿ ಹಾಕಿದ. ಒಂಟೆಯನ್ನು ತೊಟ್ಟಿಲು ತೂಗಿ ಮಲಗಿಸಿದ. ಸರೋಜಿನಿಯನ್ನು ಬಲೂನಲ್ಲಿ ಕೂರಿಸಿ ಕಡಲು ದಾಟಿಸಿ ತನ್ನ ಹತ್ತಿರ ತಂದ. ಆ ಕಡೆಯಿಂದ ಹೂಂ ಹೂಂ ಅಂತ ಬರ್ತಿತ್ತು. ಆಮೇಲೆ ಹೂಂ ನಿಂತಿತು. ನಿದ್ರೆ ಬಂತು ಅಂತ ಇವ ದನಿ ತಗ್ಗಿಸಿ ಹೇಳ್ತಾನೇ ಹೋದ. ಏರ್‌ಪೋರ್ಟ್ ಬಾಗಿಲಲ್ಲಿ ವ್ಯಾನ್ ನಿಂತಾಗ ಶ್ರೀಯಾಳ ದನಿ ಬಂತು.

"ಅಪ್ಪಾ. ಸಾಕು ಅಪ್ಪಾ. ಅಮ್ಮ ಹೋಗಿ ಆಗ್ಲೇ ಹೊತ್ತಾಯ್ತು. ನಿಮ್ಮ ಮಾತು ನಿಲ್ಲಿಸೋಕೆ ನನಗೆ ಮನಸ್ಸೇ ಬರ್ಲಿಲ್ಲ."

ಕಿಸೆಯಿಂದ ಒದ್ದೆ ಮರಳು ಉದುರಿಸ್ಕೊಂಡೇ ವಿಮಾನ ಹತ್ತಿದ ಉಮಾನಾಥ. ಕಾರ್ಯ ಮುಗಿಸಿ ವಾಪಸ್ ಬಂದ. ಈಗ ಶುಕ್ರವಾರ ಬಂದ್ರೆ ಅಕ್ಕಿ ಚೀಲದ ಮೇಲೆ ಸುಮ್ಮನೆ ಕೂರ್ತಾನೆ. ಫೋನ್ ಕೈಯಲ್ಲಿರ್ತದೆ.

ಏನು, ನಂಬಿಕೆ ಇಲ್ವಾ? ನಗ್ತೀರಾ? ಆಯ್ತು, ನಿಮ್ಮ ಫೋನ್ ಈಚೆ ಕೊಡಿ ಸ್ವಾಮಿ. ಹೆಚ್ಚೇನಿಲ್ಲ, ನಿಮ್ಮ ಮನೆಯವರಿಗೆ ಒಂದು ಕಾಲ್ ಮಾಡಿ, ಈ ಹೊತ್ತಲ್ಲಿ ನೀವು ಎಲ್ಲಿದ್ದೀನಿ ಅಂತ ಹೇಳಿದ್ದೀರಿ ಅಂತ ಕೇಳ್ತೇನೆ ಅಷ್ಟೇ. ಬೇಡ್ವಾ? ಹಾಗಾದ್ರೆ ಎರಡು ರೊಟ್ಟಿ ತಪೌ ಮಾಡಿಸಿ, ಪೊಟ್ಟಣ ಕಟ್ಟಿಸಿ ಕೊಡಿ ಲಾ, ಒಂದು ನನಗೆ, ಒಂದು ಉಮಾನಾಥನಿಗೆ. ಕೊಟ್ಟು ನೆಟ್ಟಗೆ ಮನೆಗೆ ನಡೀರಿ.