ಬಿಸಿಲಿಗೆ ಕೂತವಳು

ನನ್ನ ಬಾಯಿ ಕೆಟ್ಟದ್ದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮದ್ದೂರಿನಿಂದ ಬಳೆ ಮಲಾರ ಹೊತ್ತು ಬೀಬಿ ಜಾನ್ ಬಂದಳೆಂದರೆ ಹಳ್ಳಿಯ ಹೆಂಗಸರು ಬಳೆಗೆ ಮಾತ್ರವಲ್ಲ, ಸುದ್ದಿಗೂ ಕಾದು ಕೂರುತ್ತಿದ್ದರು. ಯಾರ ಮನೆಯ ಎಮ್ಮೆ ಈದಿತು, ಯಾರ ಸೊಸೆ ತವರಿಗೆ ಹೋದವಳು ಮೂರು ತಿಂಗಳಾದರೂ ಬಂದಿಲ್ಲ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಎರಡನೆಯ ಮಹಾಯುದ್ಧ ಶುರುವಾಗಿ ಗಾಜಿನ ಬಳೆ ಸಿಗುವುದೇ ಕಷ್ಟವಾದ ಮೇಲಂತೂ ನನ್ನ ಮಲಾರಕ್ಕಿಂತ ಬಾಯಿಯೇ ತುಂಬಿತ್ತು.

ಬೆಸಗರಹಳ್ಳಿಯ ಆಚೆಗಿನ ಒಂದು ಊರಲ್ಲಿ ಅಂಕಮ್ಮನ ಮನೆ. ಅವಳ ಸೊಸೆ ಸಣ್ಣತಾಯಮ್ಮ, ಇಪ್ಪತ್ತೆರಡರ ಹುಡುಗಿ, ಎಂಟು ತಿಂಗಳ ಹೆಣ್ಣುಕೂಸಿನ ತಾಯಿ. ಮದುವೆಯ ಬಳೆ ತೊಡಿಸಿದವಳು ನಾನೇ. ಎಲ್ಲಕ್ಕಿಂತ ಚಿಕ್ಕ ಅಳತೆಯ ಬಳೆಯೂ ಆ ಕೈಗೆ ಸಲೀಸಾಗಿ ಏರಿತ್ತು. ಶಿವರಾತ್ರಿ ಕಳೆದ ಮೇಲೆ ನಾನು ಹೋದಾಗ ಅದೇ ಕೈಯ ಗುರುತು ನನಗೆ ಸಿಗಲಿಲ್ಲ. ಬೆರಳ ಗೆಣ್ಣುಗಳೆಲ್ಲ ಊದಿದ್ದವು. ಬಳೆ ಏರಿಸುವಾಗ ಹಲ್ಲು ಕಚ್ಚಿ ಕಣ್ಣೀರು ಹಾಕಿದಳು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಬೀಸುವ ಕಲ್ಲಿನ ಗೂಟ ಹಿಡಿಯಲಾಗದು, ಹೊತ್ತೇರಿದ ಮೇಲೆ ತುಸು ಸಡಿಲವಾಗುತ್ತದೆ ಎಂದಳು. ಬಾಣಂತನ ಮುಗಿದಾಗಿನಿಂದ ಜ್ವರ ಬಂದು ಹೋಗುತ್ತಿತ್ತು. ಚಳಿಜ್ವರವೆಂದು ಎರಡು ದಿನ ಕ್ವಿನೈನ್ ನುಂಗಿಸಿ ಬಿಟ್ಟಿದ್ದರು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬಾಯೊಳಗೆ ಹುಣ್ಣು. ತಣ್ಣೀರಿಗೆ ಕೈ ಹಾಕಿದರೆ ಬೆರಳು ಸುಣ್ಣದಂತೆ ಬಿಳಿಚಿ, ಆಮೇಲೆ ನೀಲಿಗಟ್ಟುತ್ತಿತ್ತು. ಮುಖದ ಮೇಲೆ, ಒಂದು ಕೆನ್ನೆಯಿಂದ ಮೂಗು ದಾಟಿ ಇನ್ನೊಂದು ಕೆನ್ನೆಗೆ ಹರಡಿದ ಕೆಂಪು. ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ.

ಇಷ್ಟನ್ನು ನೋಡಿ ನಾನು ಸುಮ್ಮನಿರಬೇಕಿತ್ತು. ಮುಂದಿನ ಊರಿನ ಜಗಲಿಯಲ್ಲಿ ಕೂತು, ಅಂಕಮ್ಮನ ಸೊಸೆಯ ಮುಖ ಕೆಂಪೇರಿದೆ, ಬೆರಳು ಊದಿವೆ ಎಂದುಬಿಟ್ಟೆ. ರೋಗದ ಹೆಸರು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮುಖ ಕೆಂಪು, ಬೆರಳು ಊತ ಅಂದರೆ ನಮ್ಮ ಕಡೆ ಒಂದೇ ಅರ್ಥ. ಹದಿನೈದು ದಿನಕ್ಕೆ ನಾನು ತಿರುಗಿ ಹೋಗುವಷ್ಟರಲ್ಲಿ ಅದು ದೊಡ್ಡರೋಗವಾಗಿತ್ತು. ಕುಷ್ಠ ಎನ್ನಲು ಬಾಯಿ ಬಾರದವರು ಹಾಗೆ ಅನ್ನುತ್ತಾರೆ.

ಅವಳನ್ನು ಬಾವಿಕಟ್ಟೆಗೆ ಬರಬೇಡವೆಂದಿದ್ದರು. ಊರ ಯಜಮಾನರು ಕೂತು, ಅವಳ ಗಂಡ ಮರಿಸಿದ್ದಯ್ಯನನ್ನು ಕರೆಸಿ ಗಡುವು ಕೊಟ್ಟಿದ್ದರು. ಅಮಾವಾಸ್ಯೆಯೊಳಗೆ ವಾಸಿಯಾಗದಿದ್ದರೆ ಅವಳು ಕೆರೆ ಏರಿಯ ಆಚೆ ಗುಡಿಸಲಲ್ಲಿ ಇರಬೇಕು. ಕೂಸು ಅಜ್ಜಿಯ ಹತ್ತಿರ, ತಾಯಿ ಅದನ್ನು ಮುಟ್ಟುವ ಹಾಗಿಲ್ಲ. ಗಂಡ ತಲೆ ತಗ್ಗಿಸಿ ಒಪ್ಪಿ ಬಂದಿದ್ದ.

ಅಂಕಮ್ಮ ಕೆಟ್ಟವಳಲ್ಲ. ಅವಳ ಸ್ವಂತ ಅಣ್ಣ ಅಂಥದ್ದೇ ಗುಡಿಸಲಲ್ಲಿ ಒಬ್ಬನೇ ಸತ್ತಿದ್ದ. ಸೊಸೆಗೆ ಆ ಗತಿ ಬರಬಾರದೆಂದು ಸೂರ್ಯನಾರಾಯಣನಿಗೆ ಹರಕೆ ಹೊತ್ತಿದ್ದಳು. ದಿನವೂ ಹೊತ್ತು ಮೂಡಿದಾಗಿನಿಂದ ನೆತ್ತಿಗೇರುವ ತನಕ ಸಣ್ಣತಾಯಮ್ಮ ಅಂಗಳದಲ್ಲಿ ಮುಖವೆತ್ತಿ ಬಿಸಿಲಿಗೆ ಕೂರಬೇಕು. ನಾನು ಹೋದಾಗ ಕೂತಿದ್ದಳು. ಮುಖ ಬೆಂದಂತಾಗಿತ್ತು. ಕೆಂಪು ಕತ್ತಿಗೂ ತೋಳಿಗೂ ಇಳಿದಿತ್ತು. ಅಂಥ ಬಿಸಿಲಲ್ಲೂ ಜ್ವರಕ್ಕೆ ನಡುಗುತ್ತಿದ್ದಳು, ಒಳಗೆ ಕೂಸು ಹಾಲಿಗೆ ಅಳುತ್ತಿತ್ತು. ಅಂಕಮ್ಮ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಳು. ಅಮಾವಾಸ್ಯೆಗೆ ಇನ್ನು ಎಂಟೇ ದಿನ.

ಇದು ನನ್ನ ನಾಲಿಗೆ ಮಾಡಿದ ಕೆಲಸ. ಹೋಗಿ ಅವಳ ಕೈ ಹಿಡಿದೆ. ಊರಲ್ಲಿ ಯಾರೂ ಹಿಡಿಯದ ಕೈ. ಗೆಣ್ಣು ಮುಟ್ಟುತ್ತಲೇ ಚಟ್ಟನೆ ಎಳೆದುಕೊಂಡಳು. ಆಗ ನನಗೆ ಹೊಳೆಯಿತು. ಮೂವತ್ತು ವರ್ಷದಿಂದ ಹೆಂಗಸರ ಕೈ ಹಿಡಿದು ಬದುಕಿದವಳು ನಾನು. ಹಿಂದೆ ಒಮ್ಮೆ ಗೊತ್ತಿಲ್ಲದೆ ದೊಡ್ಡರೋಗದ ಕೈಗೂ ಬಳೆ ಹಾಕಿದ್ದೆ. ಒಡೆದ ಗಾಜು ಚುಚ್ಚಿ ರಕ್ತ ಸುರಿದರೂ ಆ ಹೆಂಗಸಿಗೆ ತಿಳಿಯಲಿಲ್ಲ, ನನ್ನ ಜೊತೆ ನಗುತ್ತಲೇ ಇದ್ದಳು. ಇವಳಿಗೆ ಮುಟ್ಟಿದರೇ ನೋವು.

"ಇದು ಆ ರೋಗ ಅಲ್ಲ ಕಣಕ್ಕ," ಎಂದೆ ಅಂಕಮ್ಮನಿಗೆ. "ನನ್ ಜತೆ ಕಳ್ಸು. ಮದ್ದೂರಲ್ಲಿ ಡಾಕ್ಟ್ರುಗೆ ತೋರುಸ್ತೀನಿ."

ಈ ಮುಖ ನೋಡಿದರೆ ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ ಎಂದಳು ಅಂಕಮ್ಮ. ಅದು ನಿಜ. ಮರುದಿನ ನನ್ನ ಸೊಸೆ ಶಮೀಮ್ ಬಾನುವಿನ ಬುರ್ಖಾವನ್ನು ಮಲಾರದಲ್ಲಿ ಸುತ್ತಿ ತಂದೆ. ಗೋಷಾ ಹೆಂಗಸಿನ ಮುಖ ನೋಡುವ ಧೈರ್ಯ ಯಾವ ಕಂಡಕ್ಟರನಿಗೂ ಇಲ್ಲ. ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಮುದುಡಿ ಕೂತಳು. ಎದುರಿಗೇ ಅವಳೂರಿನ ಯಜಮಾನನೊಬ್ಬ ಕೂತಿದ್ದ. ಯಾರು ಎಂದು ಕೇಳಿದ. ನನ್ನ ಸೊಸೆ, ಮೈಯಲ್ಲಿ ಹುಷಾರಿಲ್ಲ ಎಂದೆ. ಅವಳು ನನ್ನ ಮೊಣಕೈ ಹಿಡಿದಿದ್ದ ಬಿಗಿತಕ್ಕೆ ಉಗುರು ಇಳಿದಿತ್ತು. ಮದ್ದೂರು ಬರುವ ತನಕ ಹಿಡಿತ ಬಿಡಲಿಲ್ಲ.

ಡಾಕ್ಟರು ಮಳವಳ್ಳಿ ಕಡೆಗೆ ಕ್ಯಾಂಪು ಹೋಗಿದ್ದರು. ಐದು ದಿನ ಕಾಯಬೇಕಾಯಿತು. ಅವಳು ನಮ್ಮ ಒಳಮನೆಯಲ್ಲಿ ಉಳಿದಳು. ಹೊಸ ಮಡಕೆಯಿಟ್ಟು ತನ್ನ ಹಿಟ್ಟನ್ನು ತಾನೇ ಬೇಯಿಸಿಕೊಳ್ಳಲು ಹೋದವಳು, ತಿರುವುವ ಕೋಲು ಹಿಡಿಯಲಾಗದೆ ಮೂರನೆಯ ದಿನ ಅದನ್ನು ಶಮೀಮಳ ಕೈಗೆ ಕೊಟ್ಟಳು. ಕೂಸನ್ನು ಅಜ್ಜಿಯ ಬಳಿ ಬಿಟ್ಟು ಬಂದವಳು ಎದೆಹಾಲು ಕಟ್ಟಿ ಅಳುತ್ತಿದ್ದಳು. ಅಕ್ಕಪಕ್ಕದವರು ಕಂಡಾರೆಂಬ ಭಯಕ್ಕೆ ಹಿತ್ತಲಿಗೂ ಬುರ್ಖಾ ಹಾಕಿಕೊಂಡೇ ಹೋಗುತ್ತಿದ್ದಳು. ನಾಲ್ಕನೆಯ ದಿನ ಅವಳ ಮುಖ ನೋಡಿ ನಾನು ದಂಗಾದೆ. ಕೆಂಪು ಅರ್ಧಕ್ಕರ್ಧ ಇಳಿದಿತ್ತು. ಜ್ವರವೂ ತಗ್ಗಿತ್ತು. ಮದ್ದು ಒಂದು ಚೂರೂ ಕೊಟ್ಟಿರಲಿಲ್ಲ. ಬಿಸಿಲೊಂದು ತಪ್ಪಿತ್ತು, ಅಷ್ಟೆ.

ಡಾಕ್ಟರಿಗೆ ಇದನ್ನೇ ಹೇಳಿದೆ. ಅವರು ಅವಳ ಕಣ್ಣು ಮುಚ್ಚಿಸಿ ಒಮ್ಮೆ ಹತ್ತಿ, ಒಮ್ಮೆ ಸೂಜಿ ಸೋಕಿಸಿದರು. ಎಲ್ಲಿ ಸೋಕಿಸಿದರೂ ಅವಳಿಗೆ ತಿಳಿಯಿತು. ಆಮೇಲೆ ದಪ್ಪನೆಯ ಪುಸ್ತಕ ತೆಗೆದು ಒಬ್ಬ ಬಿಳಿ ಹೆಂಗಸಿನ ಚಿತ್ರ ತೋರಿಸಿದರು. ಅದೇ ಚಿಟ್ಟೆ. ಇದಕ್ಕೆ ಲೂಪಸ್ ಎನ್ನುತ್ತಾರೆ, ಹಾಗೆಂದರೆ ತೋಳ, ತೋಳ ಕಚ್ಚಿದ ಹಾಗೆ ಕಾಣುತ್ತದೆಂದು ಹಿಂದಿನವರು ಇಟ್ಟ ಹೆಸರು ಎಂದರು. ದೊಡ್ಡರೋಗವಲ್ಲ. ಅಂಟುವುದಿಲ್ಲ. ಕೂಸನ್ನು ಎತ್ತಿಕೊಳ್ಳಬಹುದು. ಬಿಸಿಲು ಮಾತ್ರ ಇದಕ್ಕೆ ವಿಷ. ಸಣ್ಣತಾಯಮ್ಮ ಅವರ ಕಾಲಿಗೆ ಬಿದ್ದಳು.

ಬಗ್ಗಿದವಳ ಕಾಲು ಡಾಕ್ಟರ ಕಣ್ಣಿಗೆ ಬಿದ್ದಿತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಜಾಗದಲ್ಲಿ ಕುಳಿ ಹಾಗೇ ನಿಂತಿತು. ಅವಳ ಮೂತ್ರ ತರಿಸಿ ಗಾಜಿನ ಕೊಳವೆಯಲ್ಲಿ ಕಾಯಿಸಿದರು. ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಯಿತು. ಅವಳಿಗೆ ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿದರು. ಅವಳು ಬುರ್ಖಾ ಇಳಿಬಿಟ್ಟುಕೊಂಡು ಹೋದಳು.

"ಇದು ಚರ್ಮದಲ್ಲಿ ನಿಂತಿಲ್ಲಮ್ಮ," ಎಂದರು ಡಾಕ್ಟರು. "ಮೂತ್ರಪಿಂಡಕ್ಕೆ ಇಳಿದಿದೆ. ಬಿಸಿಲು ತಪ್ಪಿಸಿ, ಉಪ್ಪು ಕಡಿಮೆ ಮಾಡಿ. ಊತ ಮೊಣಕಾಲಿಗೆ ಏರಿತೋ, ಆಮೇಲೆ ನನ್ನ ಹತ್ತಿರ ಔಷಧಿ ಇಲ್ಲ."

ಅಮಾವಾಸ್ಯೆಯ ಹಿಂದಿನ ದಿನ ಅವಳ ಮನೆಯ ಜಗಲಿಯ ನೆರಳಲ್ಲಿ ಯಜಮಾನರನ್ನು ಕೂರಿಸಿದೆ. ಡಾಕ್ಟರ ಚೀಟಿಯನ್ನು ಶಾನುಭೋಗರು ಓದಿದರು. ಎಲ್ಲರೂ ನೋಡುವ ಹಾಗೆ ಅವಳ ಎರಡೂ ಕೈಗೆ ಹಸಿರು ಬಳೆ ತೊಡಿಸಿದೆ. ಆ ಮಾತು ಹುಟ್ಟಿಸಿದವಳು ನಾನೇ ಎಂದೂ ಹೇಳಿದೆ; ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಅಂಕಮ್ಮ ಕೂಸನ್ನು ತಂದು ಸೊಸೆಯ ಮಡಿಲಿಗೆ ಹಾಕಿ, ಬಿಸಿಲಿಗೆ ಕೂರಿಸಿದ್ದಕ್ಕೆ ತಲೆ ಚಚ್ಚಿಕೊಂಡು ಅತ್ತಳು. ಡಾಕ್ಟರು ಕೊನೆಯಲ್ಲಿ ಹೇಳಿದ್ದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಮಲಾರ ಹೊತ್ತು ಹೋದಾಗಲೆಲ್ಲ ನನ್ನ ಕಣ್ಣು ಅವಳ ಕೈಗಿಂತ ಮೊದಲು ಕಾಲಿನ ಕಡೆಗೆ ಹೋಗುತ್ತಿತ್ತು. ಬುರ್ಖಾ ಅವಳ ಬಳಿಯೇ ಉಳಿದಿತ್ತು. ಬಿಸಿಲು ತಾಕದಿರಲೆಂದು ಅದನ್ನು ಹಾಕಿಕೊಂಡು ನೀರಿಗೆ ಹೊರಟರೆ ಊರವರು ಸಾಬರ ಸೊಸೆ ಎಂದು ಛೇಡಿಸುತ್ತಿದ್ದರಂತೆ. ಕಾಲುಂಗುರ ಸರಿಮಾಡುವ ನೆಪದಲ್ಲಿ ನಾನು ಕಣಕಾಲು ಒತ್ತಿ ನೋಡುತ್ತಿದ್ದೆ, ಸುಳ್ಳು ಸುಳ್ಳೇ ಊರ ಸುದ್ದಿ ಹೇಳುತ್ತಿದ್ದೆ.

ಆಷಾಢದಲ್ಲಿ ಒಂದು ದಿನ ಅವಳೇ ಸೀರೆ ಸರಿಸಿ ಕಾಲು ಚಾಚಿದಳು.

"ಮೇಲ್ಗಡೆ ಒತ್ತಿ ನೋಡು ಬೀಬಮ್ಮ," ಎಂದಳು. "ಅವತ್ತು ಡಾಕ್ಟ್ರು ಯೋಳಿದ್ದು ನಂಗೂ ಕೇಳುಸ್ತು. ಬುರ್ಕಾ ಮುಚ್ಚೋದು ಮಖವ, ಕಿವಿಯ ಅಲ್ಲ ಕಣಮ್ಮ."

ಒಳಗೆ ಅಂಕಮ್ಮ ರಾಗಿ ಕೇರುವ ಸದ್ದು ಕೇಳುತ್ತಿತ್ತು. ಸಣ್ಣತಾಯಮ್ಮ ದನಿ ತಗ್ಗಿಸಿದಳು.

"ಅತ್ತೆಗೆ ಯೋಳ್ಬ್ಯಾಡ. ಬಿಸ್ಲಿಗೆ ಕೂರ್ಸಿ ನಾನೇ ಕೊಂದೆ ಅಂತ ಎದೆ ಒಡ್ಕತ್ತದೆ."

ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದೆ. ಕುಳಿ ತುಂಬಲಿಲ್ಲ. ಅಂಬೆಗಾಲಿಟ್ಟು ಬಂದ ಕೂಸು ಅದರೊಳಗೆ ತನ್ನ ಬೆರಳಿಡಲು ಕೈ ಚಾಚಿತು. ಅವಳು ಸೀರೆ ಎಳೆದು ಕಾಲು ಮುಚ್ಚಿಕೊಂಡಳು.