ಹತ್ತಿ ಗಿರಣಿಯ ಕೂಸು

ಬೈಲಹೊಂಗಲದ ಆ ಹತ್ತಿ ಗಿರಣಿಯಲ್ಲಿ ಹೆಂಗಸರು ತಮ್ಮ ಕೂಸುಗಳನ್ನು ಕಂಬಕ್ಕೆ ಕಟ್ಟುತ್ತಿದ್ದರು. ಸಿಟ್ಟಿಗಲ್ಲ. ಹಳೇ ಸೀರೆಯ ತುಂಡಿನಿಂದ ಕಾಲಿಗೊಂದು ಗಂಟು ಹಾಕದಿದ್ದರೆ ಕೂಸು ತೆವಳುತ್ತ ಯಂತ್ರದ ಬಾಯಿಗೆ ಹೋದೀತು. ಸರಕಾರದ ಕಾಯ್ದೆಗೆಂದು ಕಟ್ಟಿಸಿದ ಕೂಸುಗಳ ಖೋಲಿಯೇನೋ ಇತ್ತು. ಅದರೊಳಗೆ ಸಾವಕಾರ ನಿಜಗುಣಪ್ಪನವರ ಅರಳೆ ಸುಖವಾಗಿ ಮಲಗಿತ್ತು, ಬಾಗಿಲಿಗೆ ಕೀಲಿ.

ಸೋಮವ್ವನ ಗಂಡ ಸತ್ತಿದ್ದ. ಎರಡು ವರ್ಷದ ಮಗಳು ಸಾವಿತ್ರೆವ್ವನನ್ನು ಎಲ್ಲಿ ಬಿಡಬೇಕು? ಅವಳೂ ಕಟ್ಟಿದಳು.

ಒಂದು ದಿನ ಮಕ್ಕಳ ಇಲಾಖೆಯ ಸಾಹೇಬರು ಬಾಳಕೃಷ್ಣರಾಯರು ಜೀಪಿನಲ್ಲಿ ಬಂದಿಳಿದರು. ಕೂಸು ಕಣ್ಣಿಗೆ ಬಿದ್ದರೆ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಸಾವಕಾರರು ಮೊದಲೇ ಹೇಳಿಟ್ಟಿದ್ದರು. ಉಳಿದವರು ತಮ್ಮ ಕೂಸುಗಳನ್ನು ಚೀಲಗಳ ಮರೆಗೆ ಎಳೆದುಕೊಂಡರು. ಸೋಮವ್ವ ಗಿರಣಿಯ ಆಚೆ ತುದಿಯಲ್ಲಿದ್ದಳು; ಸಾವಿತ್ರೆವ್ವ ಕಂಬದ ಬುಡದಲ್ಲೇ ಉಳಿದಳು.

"ಈ ಕೂಸು ಯಾರದು?" ಸಾಹೇಬರು ಕೇಳಿದರು.

ಯಾರೋ ಬಿಟ್ಟು ಹೋಗಿರಬೇಕು ಎಂದರು ಸಾವಕಾರರು. ಸೋಮವ್ವ ತಲೆ ಬಗ್ಗಿಸಿ ಹತ್ತಿ ಆರಿಸುತ್ತ ನಿಂತಳು. ಕೂಸು "ಯವ್ವಾ" ಎಂದು ಅತ್ತರೂ ತಲೆ ಎತ್ತಲಿಲ್ಲ. ಹಾಳು ಹೊಟ್ಟೆ ಎಂಥವರ ಬಾಯನ್ನೂ ಮುಚ್ಚಿಸುತ್ತದೆ. ಕೂಸನ್ನು ಹೊತ್ತುಕೊಂಡು ಜೀಪು ಬೆಳಗಾವಿಯ ಮಕ್ಕಳ ಮಂದಿರಕ್ಕೆ ಹೋಯಿತು.

ಹೆತ್ತವಳೂ ನಾನೇ, ಕೈಬಿಟ್ಟವಳೂ ನಾನೇ ಎಂದು ಆಮೇಲೆ ಸೋಮವ್ವನ ಎದೆ ಸುಡುತ್ತಿತ್ತು. ಜೊತೆಗೆ ಹತ್ತಿ ಆರಿಸುವ ಮುದುಕಿ ಬಾಯವ್ವನಿಗೂ ಸಮಾಧಾನವಿಲ್ಲ. ಅಂದು ಅವಳೂ ಬಾಯಿ ಬಿಟ್ಟಿರಲಿಲ್ಲ, ಯಾರೂ ಬಿಟ್ಟಿರಲಿಲ್ಲ. ಕೊನೆಗೊಂದು ಮುಂಜಾನೆ ಎಲ್ಲರೂ ಕೆಲಸ ಬಿಟ್ಟು, ಕೂಸುಗಳನ್ನು ಬಗಲಿಗೇರಿಸಿಕೊಂಡು ಬೆಳಗಾವಿಯ ಬಸ್ಸು ಹತ್ತಿದರು.

ಮಕ್ಕಳ ಮಂದಿರದ ಪಡಸಾಲೆಯಲ್ಲೇ ಸಾಹೇಬರ ಮೇಜು. ಆಯಾ ಸಾವಿತ್ರೆವ್ವನನ್ನು ಹೊರಗೆ ಕರೆತಂದಳು. ಕೂಸು ತಾಯಿಯನ್ನು ನೋಡಿತು. ಓಡಿ ಬರಲಿಲ್ಲ. ಪಡಸಾಲೆಯ ಕಂಬದ ಹತ್ತಿರ ಹೋಗಿ ಕುಳಿತು, ತಾನಾಗಿಯೇ ಕಾಲು ಚಾಚಿತು.

ಸೋಮವ್ವ ಕಂಬದ ಬುಡಕ್ಕೆ ಹೋಗಿ ಕುಳಿತಳು. ಗಂಟಿನ ಗುರುತು ಬಿದ್ದ ಆ ಪುಟ್ಟ ಕಾಲನ್ನು ಮಡಿಲಿಗೆಳೆದುಕೊಂಡು ಅತ್ತಳು.

"ಕೂಸು ನಂದರಿ. ಕಟ್ಟಿದಾಕಿನೂ ನಾನ. ಅವತ್ತ ಸುಮ್ಮನ ನಿಂತಿದ್ದು ನನ್ನ ಪಾಪ, ಅದನ್ನ ನಾ ಹೊರತೇನಿ. ನನ್ನ ಕೂಸು ನನಗ ಕೊಡ್ರಿ."

ಕಟ್ಟಿಹಾಕುವ ತಾಯಿಗೆ ಕೂಸು ಕೊಡಲಾಗದು ಎಂದರು ಸಾಹೇಬರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಕಾಯ್ದೆ ಇತ್ತು.

ಬಾಯವ್ವ ಮುಂದೆ ಬಂದು ತನ್ನ ಮೊಮ್ಮಗನನ್ನು ಮೇಜಿನ ಮೇಲೆ ಕೂರಿಸಿದಳು. ಅವನ ಕಾಲಲ್ಲೂ ಅದೇ ಗುರುತು. ಅವಳ ಹಿಂದೆ ಇನ್ನೊಬ್ಬಳು ತನ್ನ ಕೂಸನ್ನು ಕೂರಿಸಿದಳು, ಆಮೇಲೆ ಮತ್ತೊಬ್ಬಳು.

"ನಾವೂ ಕಟ್ಟೇವ್ರಿ," ಎಂದಳು ಬಾಯವ್ವ. "ಅವತ್ತ ಮುಚ್ಚಿಟ್ಟಿದ್ವಿ, ಇವತ್ತ ತಂದೇವಿ. ಎಲ್ಲಾ ಇಟಗೋರಿ. ಇಲ್ಲಂದ್ರ ನಮ್ಮ ಸಂಗಾಟ ಬರ್ರಿ, ಸಾವಕಾರಗ ಹೇಳಿ ಆ ಖೋಲಿ ಕೀಲಿ ತಗಸ್ರಿ."

ಸಾಹೇಬರು ಕುರ್ಚಿ ಬಿಟ್ಟು ಏಳಲಿಲ್ಲ. ಖೋಲಿಯ ಕೀಲಿ ತೆಗೆಯುವ ತನಕ ಏಳುವುದಿಲ್ಲವೆಂದು ಹೆಂಗಸರು ಪಡಸಾಲೆಯ ತುಂಬ ಕುಳಿತರು. ಅಂದು ಗಿರಣಿ ನಡೆಯಲಿಲ್ಲ.