ಬಾರದ ಬಟ್ಟಲು

ಇರುವೆಯೇ ಇರಬೇಕು, ಎಡ ಮೀನಖಂಡದ ಮೇಲೆ ಮೆಲ್ಲಗೆ ಹತ್ತುತ್ತಿದೆ, ಹತ್ತಲಿ, ಅಲುಗಾಡುವಂತಿಲ್ಲ, ಚಾಪೆ ಹೊದ್ದು ಕ್ಷಮೆ ಕೇಳಲು ಬಂದ ಲೆಫಾನುವಾ ಕಾಲು ಕೆರೆದುಕೊಂಡನಂತೆ ಎಂದು ಈ ಊರಿನವರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಂಡು ನಗುತ್ತಾರೆ — ಹೆಣಿಗೆಯ ಸಂದಿಗಳಲ್ಲಿ ಬೆಳಕು ಮರಳಿನ ಕಾಳಿನಷ್ಟೇ ತೂರಿ ಬರುತ್ತಿದೆ, ಬಂದು ಕೂತಾಗ ಇನ್ನೂ ಮಸುಕಿತ್ತು, ಈಗ ಹುಂಜ ಕೂಗಿ ಸುಮ್ಮನಾಗಿದೆ, ಯಾರ ಮನೆಯಲ್ಲೋ ಒಲೆಯ ಕಲ್ಲು ಕಾಯುವ ವಾಸನೆ, ಬಾಳೆಕಾಯಿ, ತೆಂಗಿನ ಹಾಲು, ಹೊಟ್ಟೆ ಚುರುಗುಟ್ಟಿತು, ಮಾನ ಮರ್ಯಾದೆ ಇಲ್ಲದ ಹೊಟ್ಟೆ. ಎದುರಿಗೆ ತಾನೇ ತಂದಿಟ್ಟ ಸೌದೆ ಹೊರೆ, ಹತ್ತು ಕಲ್ಲು, ಎಲೆಯ ಕಟ್ಟು — ತಪ್ಪಾಗಿದೆ, ಬೇಕಾದರೆ ಬೇಯಿಸಿಕೊಂಡು ತಿನ್ನಿ ಎಂದು ಅರ್ಥ, ಹಿಂದಿನಿಂದ ಬಂದ ಪದ್ಧತಿ, ಐವತ್ತೆರಡು ವರ್ಷದ ಈ ಮಾಂಸ ಬೇಯುವ ಹೊತ್ತಿಗೆ ಸೂರ್ಯ ಮುಳುಗುತ್ತಾನೆ ಎಂದುಕೊಂಡ, ನಗು ಬಂತು, ನುಂಗಿದ. ಅಜ್ಜಿ ಹೆಣೆದ ಚಾಪೆ, ಏಳು ವರ್ಷ ಹಿಡಿಯಿತಂತೆ, ಬಟ್ಟೆಗಿಂತ ನವಿರು, ಅಂಚಿಗೆ ಕೆಂಪು ಗರಿ, ಪೆಟ್ಟಿಗೆಯ ಕರ್ಪೂರದ ವಾಸನೆ ಹೋಗಿಲ್ಲ, ನಿನ್ನೆ ಸಂಜೆ ಲಾಂಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ನೋಡಿ, ಇದನ್ನ ನಮ್ಮ ಮದುವೇಲೂ ಹೊರಗೆ ತೆಗೀಲಿಲ್ಲ, ಒಬ್ಬ ಟೈಪಿಸ್ಟ್ ಮಾಡಿದ ತಪ್ಪಿಗೆ ತೆಗೀತೀರಲ್ಲ, ನಿಮ್ಮಷ್ಟು ದೊಡ್ಡ ಮನಸ್ಸು ಯಾರಿಗಿದೆ ಹೇಳಿ. ದೊಡ್ಡ ಮನಸ್ಸು. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ. ಅವಳ ಕಡೆ ನೋಡದೆ ಚಾಪೆಯ ಕಡೆ ನೋಡಿದ್ದ. ಮನೆಯವರು ಹೊರಗೆ ಬಂದು ಚಾಪೆ ಎತ್ತಿದರೆ ಎಲ್ಲ ಮುಗಿದ ಹಾಗೆ, ಒಳಗೆ ಕರೆಯುತ್ತಾರೆ, ಮಾತು, ಊಟ, ಯಾರೂ ಆಮೇಲೆ ಅದರ ಸೊಲ್ಲೆತ್ತುವುದಿಲ್ಲ, ಎತ್ತದಿದ್ದರೆ ಕೂತಿರಬೇಕು, ಕಲ್ಲು ಬಿದ್ದರೂ ಕೂತಿರಬೇಕು. ಈ ಮನೆಯ ಯಜಮಾನ ಮಾನುವಾಸ ಎತ್ತುತ್ತಾನೆಯೆ. ಮುದುಕ ಎದ್ದಿರುತ್ತಾನೆ, ಅವನು ಎಂದೂ ಹುಂಜದ ನಂತರ ಎದ್ದವನಲ್ಲ, ಒಳಗೆ ತನ್ನ ಕಂಬಕ್ಕೆ ಒರಗಿ ಕೂತಿರುತ್ತಾನೆ, ಮೊಣಕಾಲ ಮೇಲೆ ಅಂಗೈ ತೆರೆದಿಟ್ಟು — ಬೇಡ, ಆ ಅಂಗೈ ಬೇಡ.

ಆ ಕಂಬದ ಬುಡದಲ್ಲೇ ತಾನು ಮಲಗುತ್ತಿದ್ದದ್ದು. ಸಾವಿರದ ಒಂಬೈನೂರ ಹದಿನೆಂಟರ ಜ್ವರ ಹಡಗಿನಿಂದ ಇಳಿದು ಎರಡು ತಿಂಗಳಲ್ಲಿ ಮನೆ ಮನೆ ಖಾಲಿ ಮಾಡಿತು, ಅಪ್ಪ ಸೋಮವಾರ, ಅಮ್ಮ ಗುರುವಾರ, ಎಂಟು ವರ್ಷದ ತಾನು, ಆಗಿನ್ನೂ ಬರೀ ಇಯೋಸೆಫೊ, ಹೆಣಗಳ ನಡುವೆ ತೆಂಗಿನಕಾಯಿ ಕೆರೆಯುತ್ತ ಕೂತಿದ್ದಾಗ ಪಕ್ಕದೂರಿನ ಮಾನುವಾಸ ಬಂದ, ಆಗ ಮೂವತ್ತರ ಆಳು, ಭುಜ ಕಂಬದ ಹಾಗೆ, ಏಳೋ ಮಗಾ, ನೀನು ಲೆಫಾನುವಾ ಮನೆತನದೋನು, ಹೀಗೆ ಅಳ್ತಾ ಕೂತ್ರೆ ನಿಮ್ಮ ತಾತನ ಹೆಸರು ಹೊರೋರು ಯಾರು, ಎಂದು ಹೆಗಲಿಗೇರಿಸಿಕೊಂಡು ಬಂದ. ಅನ್ನ ಹಾಕಿದ, ಮೀನು ಹಿಡಿಯಲು ಕಲಿಸಿದ, ಅದಕ್ಕಿಂತ ಹೆಚ್ಚಾಗಿ ಬಟ್ಟಲುಗಳನ್ನು ಕಲಿಸಿದ — ಆವಾ ಬೇರು ಕುಟ್ಟಿ ಕದಡಿದ ನೀರು, ಸಭೆ ಕೂಡಿದಾಗ ಒಂದೇ ಚಿಪ್ಪಿನ ಬಟ್ಟಲಲ್ಲಿ ಒಬ್ಬೊಬ್ಬರಿಗೆ ಹೋಗಬೇಕು, ಯಾರಿಗೆ ಮೊದಲು, ಯಾರಿಗೆ ಆಮೇಲೆ, ಒಂದೊಂದು ಮನೆತನದ ಬಟ್ಟಲಿಗೆ ಒಂದೊಂದು ಹೆಸರು, ಆ ಹೆಸರು ಕೂಗಿದಾಗಲೇ ಆ ಮನುಷ್ಯ ಸಭೆಯಲ್ಲಿ ಇದ್ದ ಹಾಗೆ, ಕೂಗದಿದ್ದರೆ ಅವನು ಇಲ್ಲ, ಅವನ ಊರೂ ಇಲ್ಲ, ಅವನ ಸತ್ತವರೂ ಇಲ್ಲ. ಬಾಯಿಪಾಠ ಹೇಳೋ. ಹೇಳುತ್ತಿದ್ದ. ತಪ್ಪಿದರೆ ತಲೆಗೊಂದು ಮೊಟಕು. ಕೊನೆಗೆ ಮುದುಕ ತನ್ನದನ್ನು ಕೇಳುತ್ತಿದ್ದ, ನಂದು ಏನೋ, ದೋಣಿಗೆ ನುಗ್ಗಿದ ಮೊದಲ ನೀರು, ಹಾಂ, ಇನ್ನೊಂದ್ಸಲ ಹೇಳು, ದೋಣಿಗೆ ನುಗ್ಗಿದ ಮೊದಲ ನೀರು. ಎಪ್ಪತ್ತೂರಿನ ಬಟ್ಟಲು ಗೊತ್ತಿದ್ದವನು ತಾನು ಈ ದ್ವೀಪದಲ್ಲಿ, ಅದಕ್ಕೇ ಧ್ವಜ ಏರಿಸುವ ದಿನದ ಆವಾ ಸಭೆಯ ಪಟ್ಟಿ ಬರೆಯಲು ತನ್ನನ್ನೇ ಕರೆದರು, ಲೆಫಾನುವಾ ಬರೆದರೆ ತಪ್ಪಿರೋದಿಲ್ಲ ಎಂದು. ತಪ್ಪಿರಲಿಲ್ಲ. ಅದೇ ಅಲ್ಲವೆ ವಿಷಯ, ತಪ್ಪಿರಲಿಲ್ಲ.

ಬೆನ್ನ ಹಿಂದೆ ಯಾರೋ ಕೆಮ್ಮಿದರು, ಪೆನಿತೊ, ತನ್ನ ಪರವಾಗಿ ಮಾತಾಡಲು ಬಂದ ಮಾತುಗಾರ, ಅವನೂ ಮಂಡಿಯೂರಿದ್ದಾನೆ, ಅವನ ಮಂಡಿ ತನಗಿಂತ ಹಳೆಯದು, ಪಾಪ. ಬರುವಾಗ ದಾರಿಯುದ್ದಕ್ಕೂ ಹೇಳುತ್ತಿದ್ದ, ನೀವು ಬಾಯಿ ಬಿಡಬೇಡಿ ದೊರೆ, ಮಾತು ನನಗೆ ಬಿಡಿ, ಟೈಪಿಸ್ಟ್ ಕೈತಪ್ಪು ಅಂತೀನಿ, ಆದ್ರೂ ನಮ್ಮ ದೊರೆ ತಲೆ ತಗ್ಗಿಸಿ ಬಂದವ್ರೆ ಅಂತೀನಿ, ಮುದುಕ ಕರಗಿ ನೀರಾಗ್ತಾನೆ, ಮಂತ್ರಿ ಪದವಿ ಬಾಗಿಲಿಗೆ ಬಂದು ನಿಂತಿರೋ ಹೊತ್ತಲ್ಲಿ ಇದೊಂದು ಕಸ ಯಾಕೆ. ನಿಜ, ಬಾಗಿಲಿಗೇ ಬಂದಿದೆ, ಎಷ್ಟು ಮೆಟ್ಟಿಲು ಹತ್ತಿ ಬಂದದ್ದು — ಇಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಬಿಳಿಯರ ಆಳ್ವಿಕೆ ಬೇಡವೆಂದ ಮೆರವಣಿಗೆಯ ಮೇಲೆ ಗುಂಡು ಬಿದ್ದಾಗ ತನಗೆ ಹತ್ತೊಂಬತ್ತು ವರ್ಷ, ಕಾಡಿಗೆ ಓಡಿದ್ದು, ವಾರಗಟ್ಟಲೆ ಮಳೆಯಲ್ಲಿ ಮಾನುವಾಸನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದು, ಅವನು ತನ್ನ ಪಾಲಿನ ಗೆಡ್ಡೆ ಮುರಿದು ಕೊಟ್ಟು ನಂಗೆ ಹಸಿವಿಲ್ಲ ಕಣೋ ಎಂದದ್ದು, ಸುಳ್ಳ. ಆಮೇಲೆ ಬಿಳಿಯರ ಕಚೇರಿಯಲ್ಲೇ ಗುಮಾಸ್ತಿಕೆ, ಆಮೇಲೆ ತಾತನ ಲೆಫಾನುವಾ ಬಿರುದು, ಶಾಸನ ಸಭೆ, ಸೊಂಟದ ಬಟ್ಟೆಯ ಮೇಲೆ ಕೋಟು ತೊಟ್ಟು ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ಉದ್ದನೆಯ ಮೇಜಿನೆದುರು ಕೂತು, ನಮ್ಮನ್ನು ನಾವೇ ಆಳಿಕೊಳ್ಳಬಲ್ಲೆವು ಮಹನೀಯರೇ. ಚೆನ್ನಾಗಿಯೇ ಹೇಳಿದ್ದ. ಹೆಮ್ಮೆಯಿದೆ, ಯಾಕೆ ಇರಬಾರದು. ಸಂವಿಧಾನ ಬರೆಯಲು ಕೂತಾಗ ಓಟು ಯಾರಿಗೆ ಎಂಬ ಮಾತು ಬಂತು, ಬಿರುದು ಹೊತ್ತ ಯಜಮಾನರಿಗೆ ಮಾತ್ರ ಎಂದು ತಾನು ಎದ್ದು ನಿಂತು ಹೇಳಿದ, ಮನೆಗೊಂದು ಬಾಯಿ ಸಾಕು, ಎಲ್ಲರೂ ಮಾತಾಡಿದರೆ ಸಂತೆ, ಸಭೆಯೆಲ್ಲ ತಲೆದೂಗಿತು, ಮುದುಕ ಒಬ್ಬನೇ ಕೋಲೂರಿ ಎದ್ದ, ಜ್ವರ ಬಂದಾಗ ಬರೀ ಯಜಮಾನರನ್ನ ಕೊಂದಿತೇನೋ ಇಯೋಸೆಫೊ, ಗುಂಡು ಬಿದ್ದಾಗ ಬಿರುದು ಕೇಳಿ ಬಿತ್ತೇನೋ. ಯಾರೋ ಕಿಸಕ್ಕನೆ ನಕ್ಕರು. ತಾನೂ ನಕ್ಕ. ಹಿರಿಯರಿಗೆ ಬಿಸಿಲು ತಲೆಗೇರಿದೆ, ಯಾರಾದರೂ ಎಳನೀರು ಕೊಡಿ ಎಂದ, ಆಗ ಸಭೆ ಇನ್ನಷ್ಟು ನಕ್ಕಿತು, ಮುದುಕ ಕೂತುಬಿಟ್ಟ. ಆಮೇಲೆ ಸ್ವಾತಂತ್ರ್ಯ ಬೇಕೇ ಎಂದು ಜನರನ್ನೇ ಕೇಳಿದಾಗ ಮಾತ್ರ ಎಲ್ಲರಿಗೂ ಓಟು, ಗಂಡಸು ಹೆಂಗಸು ಸಾಲುಗಟ್ಟಿ ನಿಂತರು, ಅದರ ಮಾರನೆಯ ದಿನ ದಾರಿಯಲ್ಲಿ ಸಿಕ್ಕ ಮುದುಕ ಇಷ್ಟೇ ಅಂದ, ಬೇಕಾ ಅಂತ ಕೇಳೋವಾಗ ಇವರೆಲ್ಲ ಬೇಕಾದ್ರು, ಬಂದ್ಮೇಲೆ ಬೇಡವಾದ್ರಾ, ಇದನ್ನ ನಾನು ಎಲ್ಲರ ಮುಂದೆ ಕೇಳೇ ಕೇಳ್ತೀನಿ, ನನ್ನ ಬಟ್ಟಲು ಬಂದ ದಿನ ಕೇಳ್ತೀನಿ.

ನನ್ನ ಬಟ್ಟಲು ಬಂದ ದಿನ. ಬಟ್ಟಲು ಹಿಡಿದವನ ಮಾತನ್ನು ಯಾರೂ ತಡೆಯುವಂತಿಲ್ಲ, ಅದೂ ಪದ್ಧತಿ, ಧ್ವಜದ ದಿನ ಹೊರದೇಶದವರೆಲ್ಲ ಕುರ್ಚಿಯಲ್ಲಿ, ರೇಡಿಯೊದ ಮೈಕು ನಡುವೆ. ಪಟ್ಟಿಯಲ್ಲಿ ಹನ್ನೆರಡು ಬಟ್ಟಲು, ಇಪ್ಪತ್ತು ನಿಮಿಷ. ಮೊಂಡು ಪೆನ್ಸಿಲು, ತುದಿ ಕಚ್ಚುವ ಅಭ್ಯಾಸ ತನ್ನದು, ಏಳನೆಯ ಹೆಸರಿನ ಮೇಲೆ ಒಂದು ಗೆರೆ, ತುಂಬ ಹಗುರವಾದ ಗೆರೆ, ಅಳಿಸಿದರೆ ಹೋಗುವಂಥದ್ದು. ಫಿಲೋ ಟೈಪು ಹೊಡೆಯುತ್ತ ಕೈ ನಿಲ್ಲಿಸಿದಳು, ನಲವತ್ತರ ವಿಧವೆ, ಇದೇ ಊರಿನ ಹೆಣ್ಣು, ಹದಿನಾರು ವರ್ಷ ತನ್ನ ಕಚೇರಿಯಲ್ಲಿ ಒಂದು ಅಕ್ಷರ ತಪ್ಪು ಹೊಡೆದವಳಲ್ಲ, ದೊರೆ, ಇದು ನಮ್ಮೂರ ಬಟ್ಟಲು ಅಲ್ವಾ, ಗೆರೆ ಬಿದ್ದಿದೆ. ಹೊಡಿ ಫಿಲೋ, ಹೇಳಿದಷ್ಟು ಹೊಡಿ. ಅವಳು ತಲೆಯೆತ್ತಿ ಇವನ ಮುಖವನ್ನೇ ನೋಡಿದಳು, ಹೊಡೆದಳು. ಧ್ವಜ ಏರಿತು, ಬಿಸಿಲು, ಬ್ಯಾಂಡು, ಕಣ್ಣಲ್ಲಿ ನೀರು ಬಂದದ್ದೂ ಸುಳ್ಳಲ್ಲ, ಇಷ್ಟು ವರ್ಷ ಕಾದ ಬಟ್ಟೆಯ ತುಂಡು ಗಾಳಿಗೆ ಬಿಚ್ಚಿಕೊಂಡಾಗ ಯಾರಿಗೆ ಬರುವುದಿಲ್ಲ. ಸಭೆ ಕೂತಿತು. ಆರನೆಯ ಬಟ್ಟಲು ಹೋಯಿತು. ಮಾನುವಾಸ ಬೆನ್ನು ನೆಟ್ಟಗೆ ಮಾಡಿದ, ಎಣ್ಣೆ ಹಚ್ಚಿದ ಮೈ, ಎಪ್ಪತ್ತನಾಲ್ಕು ವರ್ಷ, ಎರಡು ಸಲ ಚಪ್ಪಾಳೆ ತಟ್ಟಿ ಬಲಗೈಯನ್ನು ಮೊಣಕಾಲ ಮೇಲೆ ತೆರೆದಿಟ್ಟ. ಕೂಗಿದ್ದು ಬೇರೆ ಹೆಸರು. ಬಟ್ಟಲು ಅವನ ಮುಂದೆಯೇ ಹಾದು ಪಕ್ಕದವನಿಗೆ ಹೋಯಿತು, ಆ ಅಂಗೈ ಮುಚ್ಚಲಿಲ್ಲ, ಎಂಟು, ಒಂಬತ್ತು, ಹನ್ನೊಂದೂ ಮುಗಿಯಿತು, ಅಂಗೈ ಹಾಗೇ ಇತ್ತು, ಬೀಸುವ ಗಾಳಿಗೆ ಅದರಲ್ಲೊಂದು ಒಣ ಎಲೆ ಬಂದು ಬಿತ್ತು, ಅದನ್ನೂ ಕೊಡವಲಿಲ್ಲ. ಮಾರನೆಯ ದಿನ ಗದ್ದಲ, ಯಾರು ಬಿಟ್ಟದ್ದು, ಯಾರು ಬಿಟ್ಟದ್ದು, ಕಚೇರಿಯ ಮೆಟ್ಟಿಲ ಮೇಲೆ ಹತ್ತು ಜನ, ತಾನು ಟೈಪಿನಲ್ಲಿ ಬಿಟ್ಟುಹೋಯಿತು ಎಂದ, ಅಷ್ಟೇ, ಅವಳ ಹೆಸರನ್ನು ಕೂಡ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಊರ ಹಿರಿಯರು ಸಭೆ ಸೇರಿ ಅವಳನ್ನು ಊರಿಂದ ಹೊರಗೆ ಹಾಕಿದರು, ನಮ್ಮ ಬಟ್ಟಲನ್ನೇ ನುಂಗಿದವಳು ಎಂದು, ಹೊಲಿಗೆ ಮಿಷನ್ನು, ಒಂದು ಗಂಟು, ತಾಯಿಯ ಫೋಟೊ, ಬಸ್ಸಿನ ಹಿಂದಿನ ಬೆಂಚು. ಎದುರಿಗೆ ಸಿಕ್ಕಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬಾಯಿ ಬಿಡಲೇ ಇಲ್ಲ, ಈಗ ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದಾಳಂತೆ, ಬೆಳಗ್ಗೆ ಬಂದು ಎಂದಿನಂತೆ ಮೇಜು ಒರೆಸುತ್ತಾಳೆ, ಗುಡ್ ಮಾರ್ನಿಂಗ್ ದೊರೆ ಎನ್ನುತ್ತಾಳೆ, ಅಯ್ಯೋ, ಆ ಗುಡ್ ಮಾರ್ನಿಂಗು.

ಜಲ್ಲಿಯ ಮೇಲೆ ಹೆಜ್ಜೆ. ಒಂದು ಜೊತೆ ಹಗುರ ಕಾಲು, ಮುದುಕನದಲ್ಲ, ಅವನ ಮಗಳು, ಗರಿಯ ಅಂಚಿನ ಕೆಳಗೆ ಅವಳ ಹೆಬ್ಬೆರಳು ಕಾಣುತ್ತಿದೆ, ದೊಡ್ಡವರೇ, ನಮ್ಮಪ್ಪ ಒಂದು ಮಾತು ಕೇಳು ಅಂದ್ರು, ಬಟ್ಟಲು ಬಿಟ್ಟಿದ್ದು ಯಾರು ಅಂತ. ಪೆನಿತೊ ಗಂಟಲು ಸರಿಮಾಡಿಕೊಂಡ, ಪರ್ವತಗಳಿಗೆ ನಮಸ್ಕಾರ, ಸಮುದ್ರಕ್ಕೆ ನಮಸ್ಕಾರ, ಶುರುವಾಯಿತು, ಚೆಂದ ಮಾತಾಡುತ್ತಾನೆ, ಇನ್ನು ಹತ್ತು ವಾಕ್ಯದಲ್ಲಿ ಟೈಪಿಸ್ಟ್ ಬರುತ್ತಾಳೆ, ಚಾಪೆ ಏಳುತ್ತದೆ, ಬಾಳೆಕಾಯಿ ತೆಂಗಿನ ಹಾಲು, ಸೋಮವಾರ ರಾಜಧಾನಿ, ಸುಮ್ಮನೆ ಕೂತಿದ್ದರೆ ಸಾಕು, ಬಾಯಿ ಮುಚ್ಚಿ ಕೂತಿರುವುದಕ್ಕಿಂತ ಸುಲಭ ಯಾವುದಿದೆ — ನಂಗೆ ಹಸಿವಿಲ್ಲ ಕಣೋ, ಗೆಡ್ಡೆ ಮುರಿದ ಸದ್ದು, ಮಳೆ — ಸುಮ್ಮನಿರೋ ಪೆನಿತೊ. ತನ್ನದೇ ದನಿ, ಚಾಪೆಯೊಳಗೆ ದಪ್ಪಗೆ ಕೇಳಿತು. ಪೆನ್ಸಿಲು ನನ್ನದು. ಗೆರೆ ಎಳೆದವನು ನಾನು, ಬೇಕೂಂತಲೇ ಎಳೆದೆ, ಫಿಲೋ ಕೇಳಿದ್ದಳು, ಹೊಡಿ ಅಂದವನೂ ನಾನೇ. ದೊರೆ, ಏನ್ಮಾಡಿದ್ರಿ ದೊರೆ ಎಂದು ಹಿಂದೆ ಪೆನಿತೊ ಅಳುವವನ ಹಾಗೆ ಅಂದ, ಅಕ್ಕಪಕ್ಕದ ಮನೆಗಳಲ್ಲಿ ಗುಸುಗುಸು ಎದ್ದು ನಿಂತಿತು, ಒಂದು ಕಲ್ಲು ಬಂದು ಸೌದೆಗೆ ತಗುಲಿತು, ಇನ್ನೊಂದು ಬರಲಿಲ್ಲ. ವಿಚಿತ್ರ, ಎದೆ ಹಗುರಾಗಿದೆ, ಹೋಯಿತು ಮಂತ್ರಿಗಿರಿ, ಹೋಗಲಿ, ಇರುವೆ ತೊಡೆಗೆ ಬಂದಿದೆ, ಬರಲಿ. ಕೋಲು ಊರುವ ಸದ್ದು. ನಿಧಾನ. ನಿಂತಿತು. ಈಗ ಎತ್ತುತ್ತಾನೆ ಎಂದು ಕಣ್ಣು ಮುಚ್ಚಿಕೊಂಡ, ಎತ್ತಲಿಲ್ಲ, ಮೇಲಿನಿಂದ ಮುದುಕನ ದನಿ, ಸಿಟ್ಟಿಲ್ಲದ ದನಿ, ಅದು ನಂಗೆ ಅವತ್ತೇ ಗೊತ್ತಿತ್ತು ಕಣೋ, ಎಪ್ಪತ್ತೂರಿನ ಬಟ್ಟಲು ಬಾಯಿಪಾಠ ಮಾಡಿಸಿದೋನು ನಾನು, ನನ್ನ ಹುಡುಗ ಮರೀತಾನಾ. ಆದ್ರೆ ಊರೋರು ನನ್ನ ಮಾತು ನಂಬಬೇಕಲ್ಲ. ಈ ಚಾಪೆ ಎತ್ತೋದು ನನ್ನ ಕೈಲಿಲ್ಲ. ಬಸ್ಸು ಕಳಿಸಿ, ಫಿಲೋನ ಕರ್ಕೊಂಡ್ಬನ್ನಿ, ಅವಳು ಬಂದು ಎತ್ತಲಿ. ಬಸ್ಸು ಪೇಟೆಗೆ ಹೋಗಿ ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ ಅಜ್ಜಾ ಎಂದರು ಯಾರೋ. ಆಗ್ಲಿ, ಅಲ್ಲೀವರೆಗೆ ನಾನೂ ಇಲ್ಲೇ ಕೂತಿರ್ತೀನಿ, ಕಾಯೋದು ನಂಗೀಗ ಅಭ್ಯಾಸ ಆಗೋಗಿದೆ. ಜಲ್ಲಿ ಕರಕರ ಎಂದಿತು, ಮುದುಕ ಎದುರಿಗೇ ಕೂತ, ಗರಿಯ ಅಂಚಿನ ಕೆಳಗೆ ಮಡಿಸಿದ ಮೊಣಕಾಲು ಕಂಡಿತು, ಫಿಲೋ ಬರುತ್ತಾಳೆಯೆ, ಬಂದರೂ ಎತ್ತುತ್ತಾಳೆಯೆ, ಎತ್ತದಿದ್ದರೆ, ಎಷ್ಟು ಹೊತ್ತು, ಎಷ್ಟು ದಿನ, ದೂರದಲ್ಲಿ ಬಸ್ಸು ಶುರುವಾದ ಸದ್ದು, ಮೊಣಕಾಲ ಮೇಲೆ ಕೈ ಬಂತು, ಹಳೆಯ ಕೈ, ಮಗುಚಿತು, ಅಂಗೈ ತೆರೆಯಿತು, ಬೆಳಗಿನ ಬಿಸಿಲು ಅದರೊಳಗೆ ಬಿತ್ತು, ಅಂಗೈ, ತೆರೆದೇ ಇದೆ, ಅಂಗೈ